ಹೊತ್ತು ಯಾರದ್ದು?

(ಒಂದು ಪದವಿ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಎರಡು ಕಡೆ ಕರೆಂಟ್ ಹೋಗಿ ಮೈಕ್ ನಿಂತಿತ್ತು, ಅಲ್ಲಿ ನೆನಪಿನಿಂದ ತುಂಬಿಸಿದ್ದೇನೆ.)

ನನ್ನನ್ನು ಪರಿಚಯ ಮಾಡಿಕೊಟ್ಟ ಮೇಷ್ಟ್ರು ಹೇಳಿದರು, "ಮೇಡಂ 31 ವರ್ಷ ಬ್ಯಾಂಕಿನಲ್ಲಿದ್ದರು. ಕ್ಲರ್ಕ್ ಆಗಿ ಸೇರಿ ಸ್ಪೆಷಲ್ ಅಸಿಸ್ಟೆಂಟ್ ಆಗಿ ನಿವೃತ್ತರಾದರು" ಅಂತ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಕೆಲವರು ಮಾತ್ರ ತಟ್ಟಲಿಲ್ಲ, ನಾನು ನೋಡಿದೆ. ಅವರಿಗೆ ಲೆಕ್ಕ ಗೊತ್ತು. 31 ವರ್ಷಕ್ಕೆ ಕ್ಲರ್ಕಿನಿಂದ ಸ್ಪೆಷಲ್ ಅಸಿಸ್ಟೆಂಟ್ ಅಂದರೆ ಒಂದು ಮೆಟ್ಟಿಲು. ಅದೂ ಪೂರ್ತಿ ಮೆಟ್ಟಿಲಲ್ಲ, ಸಂಬಳದ ಜೊತೆ ಒಂದು ಅಲೋವೆನ್ಸು.

ನಾನು ಸೇರಿದ್ದು 1985ರಲ್ಲಿ. ನಮ್ಮ ಮನೆಯವರೂ ಅದೇ ವರ್ಷ, ಅದೇ ಪರೀಕ್ಷೆ ಬರೆದು ಸೇರಿದವರು. ಅವರು ಚೀಫ್ ಮ್ಯಾನೇಜರ್ ಆಗಿ ನಿವೃತ್ತರಾದರು. ಅವರು ನನಗಿಂತ ಜಾಣರು ಅಂತ ನಾನು ಒಪ್ಪುವುದಿಲ್ಲ. ಅವರೂ ಹಾಗೆ ಹೇಳುವುದಿಲ್ಲ, ರಾತ್ರಿ ಊಟ ಬೇಕಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲ ಅದರ ಸುತ್ತವೇ.

ಕನ್ನಡದಲ್ಲಿ 'ಹೊತ್ತುಗೊತ್ತಿಲ್ಲದೆ' ಅನ್ನುವ ಮಾತಿದೆ. "ನಮ್ಮ ಹುಡುಗ ಹೊತ್ತುಗೊತ್ತಿಲ್ಲದೆ ದುಡೀತಾನೆ ಕಣ್ರೀ" ಅಂದರೆ ಅದು ಹೊಗಳಿಕೆ. "ಆ ಹುಡುಗಿ ಹೊತ್ತುಗೊತ್ತಿಲ್ಲದೆ ತಿರುಗ್ತಾಳೆ" ಅಂದರೆ? ಅಲ್ಲಿ ಕೂತವರು ನಗುತ್ತಿದ್ದೀರಿ, ನಿಮಗೆ ಅರ್ಥ ಆಯ್ತು. ಇಬ್ಬರೂ ಒಂದೇ ಆಫೀಸಿನಿಂದ, ಒಂದೇ ಹೊತ್ತಿಗೆ ಮನೆಗೆ ಬಂದಿರಬಹುದು. ಹೆಂಗಸರ ಉದ್ಯೋಗದ ಕಥೆಯನ್ನು ಸಾಮಾನ್ಯವಾಗಿ ಸಂಬಳದಿಂದ ಶುರು ಮಾಡುತ್ತಾರೆ. ನಾನು ಗಡಿಯಾರದಿಂದ ಶುರು ಮಾಡುತ್ತೇನೆ. ಸಂಬಳದ ವಿಷಯದಲ್ಲಿ ಕಾನೂನು ಬಂದು ಎಷ್ಟೋ ವರ್ಷ ಆಯಿತು. ಹೊತ್ತಿನ ವಿಷಯ ಹಾಗೇ ಉಳಿದಿದೆ.

ಮೊದಲು ಹೊಲಕ್ಕೆ ಹೋಗೋಣ. ಹಳ್ಳಿಯಿಂದ ಬಂದವರಿಗೆ ಹೆಣ್ಣಾಳು, ಗಂಡಾಳು ಅನ್ನುವ ಲೆಕ್ಕ ಗೊತ್ತಿರುತ್ತದೆ. "ನಾಳೆ ಎಷ್ಟು ಆಳು ಬೇಕು?" ಅಂತ ಕೇಳಿದರೆ ಯಾರೂ ಸುಮ್ನೆ ಹತ್ತು ಅನ್ನುವುದಿಲ್ಲ. ಎಂಟು ಹೆಣ್ಣಾಳು, ಎರಡು ಗಂಡಾಳು ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಕೂಲಿ. ಯಾಕೆ ಅಂತ ನಾನು ಚಿಕ್ಕವಳಿದ್ದಾಗ ಅಜ್ಜನನ್ನು ಕೇಳಿದ್ದೆ. ಗಂಡಾಳು ಭಾರ ಹೊರುತ್ತಾನೆ, ನೇಗಿಲು ಹಿಡಿಯುತ್ತಾನೆ ಅಂದರು. ಸರಿ. ಬೆಳಿಗ್ಗೆಯಿಂದ ಸಂಜೆವರೆಗೆ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವುದು ಭಾರದ ಕೆಲಸ ಅಲ್ವಾ? ಅದಕ್ಕೆ ಅಜ್ಜ ಇನ್ನೊಂದು ಕಾರಣ ಕೊಟ್ಟರು. "ಅವರು ಬರೋದು ಹತ್ತು ಗಂಟೆಗೆ ಕಣವ್ವ." ಬರುವುದು ಹತ್ತಕ್ಕೆ, ನಿಜ. ಏಳುವುದು ನಾಲ್ಕಕ್ಕೆ. ನಡುವಿನ ಆರು ಗಂಟೆಯಲ್ಲಿ ಹಟ್ಟಿ ಗುಡಿಸಿ, ನೀರು ಹೊತ್ತು, ಮುದ್ದೆ ತೊಳಸಿ, ಮಕ್ಕಳಿಗೆ ಉಣ್ಣಿಸಿ ಬಂದಿರುತ್ತಾರೆ. ಗಂಡಾಳು ಆರಕ್ಕೇ ಹೊಲದಲ್ಲಿರುತ್ತಾನೆ. ಅವನಿಗೆ ಬುತ್ತಿ ಕಟ್ಟಿ ಕಳಿಸಿದವಳೂ ಈ ಹತ್ತು ಗಂಟೆಯವಳೇ.

ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ. ಒಂದೇ ಕೆಲಸಕ್ಕೆ, ಅಥವಾ ಒಂದೇ ಬಗೆಯ ಕೆಲಸಕ್ಕೆ, ಗಂಡು ಹೆಣ್ಣು ಅಂತ ಭೇದ ಮಾಡದೆ ಸಂಬಳ ಕೊಡಬೇಕು ಅನ್ನುತ್ತಿತ್ತು ಅದು. ಒಳ್ಳೆಯ ಕಾನೂನು. ಆದರೆ ನಾಟಿ ಹೆಂಗಸರ ಕೆಲಸ, ಉಳುಮೆ ಗಂಡಸರ ಕೆಲಸ ಅಂತ ಮೊದಲೇ ಹಂಚಿಟ್ಟರೆ ಯಾವುದನ್ನು ಯಾವುದಕ್ಕೆ ಹೋಲಿಸುತ್ತೀರಿ? ಆಫೀಸಿನಲ್ಲೂ ಇದೇ ಆಟ ನಡೆದಿದೆ. ಮೆಕಿನನ್ ಮೆಕೆಂಝಿ ಅಂತ ಒಂದು ಹಡಗು ಕಂಪನಿ. ಅಲ್ಲಿ ಹೆಂಗಸರಾದ ಸ್ಟೆನೋಗ್ರಾಫರುಗಳಿಗೆ ಗಂಡಸರಿಗಿಂತ ಕಮ್ಮಿ ಸಂಬಳ. ನಿಮ್ಮದು ಸಾಹೇಬರ ಖಾಸಾ ಕೆಲಸ, ಅದು ಬೇರೆ ಬಗೆ ಅಂತ ಕಂಪನಿಯ ವಾದ. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಶಾರ್ಟ್‌ಹ್ಯಾಂಡ್ ಶಾರ್ಟ್‌ಹ್ಯಾಂಡೇ ತಾನೆ! ಹಳ್ಳಿಯಲ್ಲಿ ಕೋರ್ಟಿಗೆ ಹೋಗುವವರು ಯಾರು? ನಮ್ಮ ಕಡೆ ಹೆಣ್ಣಾಳಿನ ಕೂಲಿ ಸ್ವಲ್ಪ ಎದ್ದಿದ್ದು ಉದ್ಯೋಗ ಖಾತ್ರಿ ಬಂದ ಮೇಲೆ. 2005ರ ಕಾನೂನು ಅದು. ಅದರಲ್ಲಿ ಹೆಣ್ಣಾಳು, ಗಂಡಾಳು ಅನ್ನುವ ಕಲಂ ಇರಲಿಲ್ಲ. ತೆಗೆದ ಮಣ್ಣನ್ನು ಅಳೆಯುತ್ತಿದ್ದರು, ಅಳತೆಗೆ ದುಡ್ಡು ಕೊಡುತ್ತಿದ್ದರು. ಮಣ್ಣಿಗೆ ಗಂಡು ಹೆಣ್ಣು ಗೊತ್ತಿಲ್ಲವಲ್ಲ. "ಕೆರೆ ಕೆಲಸಕ್ಕೆ ಹೋದ್ರೆ ಇಷ್ಟು ಕೊಡ್ತಾರೆ, ನೀವೆಷ್ಟು ಕೊಡ್ತೀರಿ?" ಅಂತ ನಮ್ಮೂರಿನ ಹೆಂಗಸರು ಮೊದಲ ಸಲ ಕೇಳಿದ್ದು ಆಗ.

ಈಗ ನಮ್ಮಮ್ಮನ ವಿಷಯ. ಅಮ್ಮ ಕೈಗಡಿಯಾರ ಜೋಡಿಸುತ್ತಿದ್ದರು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಫ್ಯಾಕ್ಟರಿ ಮಾಡಿದ್ದು 1961ರಲ್ಲಿ. ಅಲ್ಲಿ ಜೋಡಿಸುವ ಬೆಂಚಿನಲ್ಲಿ ಸಾಲಾಗಿ ಹೆಂಗಸರು. ಒಂದು ಕಣ್ಣಿಗೆ ಲೆನ್ಸು, ಕೈಯಲ್ಲಿ ಚಿಮಟ, ಮುಂದೆ ಸಾಸಿವೆಗಿಂತ ಸಣ್ಣ ತಿರುಪು. ಹೆಂಗಸರ ಬೆರಳು ನಾಜೂಕು, ಅದಕ್ಕೇ ಅವರನ್ನು ತಗೊಂಡರು ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಈ ಹೊಗಳಿಕೆ ಯಾವತ್ತೂ ಹಿಡಿಸಲಿಲ್ಲ. ಆ ಬೆರಳಿನ ನಾಜೂಕಿಗೆ ಬೆಲೆ ಕಟ್ಟುವಾಗ ಅದು ಹುಟ್ಟಿನಿಂದ ಬಂದದ್ದು ಅನ್ನುತ್ತಾರೆ. ಹುಟ್ಟಿನಿಂದ ಬಂದದ್ದಕ್ಕೆ ಯಾಕೆ ದುಡ್ಡು, ಅಲ್ವಾ? ಅಮ್ಮ ಆ ಕೈಚಳಕ ಕಲಿಯುವುದಕ್ಕೆ ಎಷ್ಟು ತಿಂಗಳು ಒದ್ದಾಡಿದರು ಅಂತ ನನಗೆ ಗೊತ್ತು.

ಆದರೂ ಒಂದು ಮಾತು ಹೇಳಲೇಬೇಕು. 1948ರಲ್ಲಿ ಶುರುವಾದ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್, ಈ ಸರ್ಕಾರಿ ಕಾರ್ಖಾನೆಗಳು ಬೆಂಗಳೂರಿನ ಒಂದು ತಲೆಮಾರಿನ ಹೆಂಗಸರಿಗೆ ಬರೀ ಸಂಬಳ ಕೊಡಲಿಲ್ಲ, ಒಂದು ಗಟ್ಟಿ ಹೊತ್ತನ್ನೂ ಕೊಟ್ಟವು. ಸೈರನ್ ಆದರೆ ಕೆಲಸ ಶುರು, ಸೈರನ್ ಆದರೆ ಕೆಲಸ ಮುಗೀತು. ಗೇಟಿನ ಹತ್ತಿರ ಫ್ಯಾಕ್ಟರಿ ಬಸ್ಸು. ಇಂತಿಷ್ಟು ಹೊತ್ತಿಗೆ ಮನೆ. ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ. ಅಮ್ಮ ಎರಡು ಮಕ್ಕಳನ್ನು ಸಾಕಿಕೊಂಡು ನಿವೃತ್ತಿಯವರೆಗೆ ಕೆಲಸ ಮಾಡಿದ್ದು ಆ ಸೈರನ್ನಿನ ದಯೆಯಿಂದ. ನನಗೆ ಆ ಸೈರನ್ ಇರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಸಂಜೆಯ ಗಡಿ ಇತ್ತು. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಹೆಂಗಸರಿಗೆ ಕೆಲಸ ಕೊಡಬಹುದಿತ್ತು. ಅವರ ಕ್ಷೇಮಕ್ಕೆ ಅಂತ ಮಾಡಿದ್ದು. ಆದರೆ ನೋಡಿ, ನರ್ಸುಗಳು ರಾತ್ರಿಯಿಡೀ ವಾರ್ಡಿನಲ್ಲಿರುತ್ತಿದ್ದರು. ಊರು ಏಳುವ ಮೊದಲೇ, ಇನ್ನೂ ಕತ್ತಲಿರುವಾಗಲೇ ಪೌರಕಾರ್ಮಿಕ ಹೆಂಗಸರು ಬೀದಿ ಗುಡಿಸುತ್ತಿದ್ದರು. ಆ ಕತ್ತಲು ಯಾರಿಗೂ ಅಪಾಯ ಅನಿಸಲಿಲ್ಲ. ಅಪಾಯ ಅನಿಸಿದ್ದು ನೈಟ್ ಶಿಫ್ಟು, ಓವರ್‌ಟೈಮು ಇದ್ದ ಕಡೆ ಮಾತ್ರ. ಇದು ನನ್ನ ಕುಹಕ ಇರಬಹುದು. ನೀವೇ ಯೋಚನೆ ಮಾಡಿ.

ಬಾಗಿಲು ಮುಚ್ಚುವ ಇನ್ನೊಂದು ದಾರಿ ಮದುವೆ. ಇಲ್ಲಿ ಒಬ್ಬ ಕೊಡಗಿನ ಹೆಣ್ಣುಮಗಳ ವಿಷಯ ಹೇಳಬೇಕು. ನಿಮ್ಮ ಪಠ್ಯದಲ್ಲಿ ಇವರ ಹೆಸರು ಇದ್ದ ಹಾಗೆ ಕಾಣೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. ಭಾರತದ ವಿದೇಶಾಂಗ ಸೇವೆಗೆ ಪರೀಕ್ಷೆ ಬರೆದು ಸೇರಿದ ಮೊದಲ ಮಹಿಳೆ, 1949ರಲ್ಲಿ. ಸೇರುವಾಗ ಅವರ ಹತ್ತಿರ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆಸಿಕೊಂಡರು. ಆಮೇಲೆ ಬಂದ ನಿಯಮ ಇನ್ನೂ ಸೊಗಸು. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ತಗೊಳ್ಳಬೇಕು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಗಂಡಸು ಅಧಿಕಾರಿಗೆ ಸಂಸಾರ ಇರುವುದಿಲ್ಲವೇನೋ!

ಮುತ್ತಮ್ಮ ಹಂಗೇರಿಗೆ ರಾಯಭಾರಿಯಾಗಿ ಹೋದರು. ಸೇವೆಯೊಳಗಿನಿಂದಲೇ ಬಂದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ಆದರೂ ಮೇಲಿನ ದರ್ಜೆಗೆ ಬಡ್ತಿ ಸಿಗಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿದ್ದಾಗಲೇ ಸರ್ಕಾರ ತರಾತುರಿಯಲ್ಲಿ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಕೊಟ್ಟರು. ಬಡ್ತಿ ಸಿಕ್ಕಿದ್ದರಿಂದ ಅರ್ಜಿ ಮುಗಿಯಿತು, ಆದರೆ ಇನ್ನೊಬ್ಬರು ಅರ್ಜಿ ಹಾಕಲಿ ಅಂತ ಕಾಯದೆ ಸೇವಾ ನಿಯಮಗಳಲ್ಲಿರುವ ಈ ಕಳಂಕವನ್ನು ತೊಳೆಯಿರಿ ಅಂತ ಸರ್ಕಾರಕ್ಕೆ ಹೇಳಿದರು. ಮುತ್ತಮ್ಮ ಮದುವೆ ಆಗಲಿಲ್ಲ. ಅದು ಅವರ ಇಷ್ಟ ಇರಬಹುದು, ಇಲ್ಲದಿರಬಹುದು. ಅವರ ಜೊತೆಗೆ ಸೇರಿದ ಗಂಡಸರ ಮುಂದೆ ಆ ಪ್ರಶ್ನೆಯೇ ಇರಲಿಲ್ಲ.

ಅದಾದ ಎರಡು ವರ್ಷಕ್ಕೆ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಕೇಸು ಬಂತು. 35 ವರ್ಷಕ್ಕೆ ನಿವೃತ್ತಿ, ಇಲ್ಲವೇ ಮೊದಲ ಬಸಿರಿಗೆ ಮನೆಗೆ, ಇಲ್ಲವೇ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ. ಬಸಿರಿನ ನಿಯಮವನ್ನು ಕೋರ್ಟು ಹೊಡೆದು ಹಾಕಿತು. ನಾಲ್ಕು ವರ್ಷದ ಮದುವೆ ನಿಯಮವನ್ನು ಮಾತ್ರ ಸರಿ ಅಂತ ಉಳಿಸಿತು. ಎರಡೇ ವರ್ಷದ ಹಿಂದೆ ಅದೇ ಕೋರ್ಟು ಮುತ್ತಮ್ಮನವರಿಗೆ ಹೇಳಿದ್ದೇನು? ಇತಿಹಾಸ ನೇರ ರಸ್ತೆ ಅಲ್ಲ, ಆಗುಂಬೆ ಘಾಟಿ ಇದ್ದ ಹಾಗೆ.

ಈಗ ನನ್ನ ಮೆಟ್ಟಿಲಿನ ಕಥೆ. 1969ರ ಜುಲೈನಲ್ಲಿ 14 ಬ್ಯಾಂಕು ರಾಷ್ಟ್ರೀಕರಣ ಆದವು. ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಬ್ರಾಂಚುಗಳು ಹಳ್ಳಿಹಳ್ಳಿಗೆ ಬಂದವು, ಲಿಖಿತ ಪರೀಕ್ಷೆ ಬಂತು. ಪರೀಕ್ಷೆ ಬಂದಿದ್ದರಿಂದಲೇ ನನ್ನಂಥವರು ಒಳಗೆ ಬಂದೆವು. ಸಂಬಳದಲ್ಲಿ ಒಂದು ಪೈಸೆ ಭೇದ ಇರಲಿಲ್ಲ. ನನ್ನ ಸ್ಲಿಪ್ಪು, ನಮ್ಮ ಮನೆಯವರ ಸ್ಲಿಪ್ಪು ಎರಡೂ ಒಂದೇ. ಸಮಾನತೆ ಅಂದರೆ ಇದೇ ಅಂದುಕೊಂಡಿದ್ದೆ.

1994ರಲ್ಲಿ ಇಬ್ಬರೂ ಪ್ರಮೋಷನ್ ಟೆಸ್ಟ್ ಪಾಸಾದೆವು. ಆಫೀಸರ್ ಆದರೆ ಬೇರೆ ರಾಜ್ಯಕ್ಕೆ ಪೋಸ್ಟಿಂಗ್ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಗನಿಗೆ ಐದು ವರ್ಷ, ಮಗಳಿಗೆ ಎರಡು. ನಮ್ಮ ಮನೆಯಲ್ಲಿ ಜಗಳ ಏನೂ ಆಗಲಿಲ್ಲ. ಒಂದು ಭಾನುವಾರ ಕೂತು ಲೆಕ್ಕ ಹಾಕಿದೆವು. ಇಬ್ಬರೂ ಎರಡು ದಿಕ್ಕಿಗೆ ಹೋದರೆ ಮಕ್ಕಳು ಯಾರ ಹತ್ತಿರ? ಒಬ್ಬರು ಹೋಗಬೇಕು, ಒಬ್ಬರು ಇರಬೇಕು. ಯಾರು ಇರಬೇಕು ಅನ್ನುವ ಪ್ರಶ್ನೆಯನ್ನು ಆ ದಿನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸೋಮವಾರ ಹೋಗಿ 'ವೈಯಕ್ತಿಕ ಕಾರಣಗಳಿಂದ ಬಡ್ತಿ ಬೇಡ' ಅಂತ ಬರೆದುಕೊಟ್ಟೆ. ನಮ್ಮ ಬ್ರಾಂಚಿನಲ್ಲಿ ಹಾಗೆ ಬರೆದುಕೊಟ್ಟ ನಾಲ್ಕನೆಯವಳು ನಾನು. ನಾಲ್ವರೂ ಹೆಂಗಸರು. ನಾಲ್ಕು ಅರ್ಜಿಯಲ್ಲೂ 'ವೈಯಕ್ತಿಕ' ಅಂತಲೇ ಇತ್ತು.

ನಿವೃತ್ತಿಯಾದ ಮೇಲೆ, 2023ರಲ್ಲಿ, ಅರ್ಥಶಾಸ್ತ್ರದ ನೊಬೆಲ್ ಕ್ಲಾಡಿಯಾ ಗೋಲ್ಡಿನ್ ಅವರಿಗೆ ಬಂತು. ಹಾರ್ವರ್ಡಿನ ಪ್ರೊಫೆಸರ್. ಅಮೆರಿಕದ 200 ವರ್ಷದ ಲೆಕ್ಕಪತ್ರ ಕೆದಕಿ, ಹೆಂಗಸರ ದುಡಿಮೆ ಹೇಗೆ ಏರಿತು, ಇಳಿಯಿತು ಅಂತ ತೋರಿಸಿದವರು. ಹೊಲ, ಮನೆಗಸುಬು ಇದ್ದಾಗ ಮದುವೆಯಾದ ಹೆಂಗಸರೂ ದುಡಿಯುತ್ತಿದ್ದರು. ದುಡಿಮೆ ಕಾರ್ಖಾನೆಗೆ ಹೋದಾಗ ಅವರ ಪ್ರಮಾಣ ಇಳಿಯಿತು. ಆಫೀಸು, ಶಾಲೆ, ಅಂಗಡಿ ಕೆಲಸ ಬೆಳೆದಾಗ ಮತ್ತೆ ಏರಿತು. ಅಲ್ಲೂ ಎಷ್ಟೋ ವರ್ಷ ಮದುವೆಯಾದ ಟೀಚರುಗಳನ್ನು ಮನೆಗೆ ಕಳಿಸುತ್ತಿದ್ದರಂತೆ. ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ.

ನನಗೆ ಅವರ ಇನ್ನೊಂದು ಮಾತು ನಾಟಿತು. ಈಗ ವ್ಯತ್ಯಾಸ ಹುಟ್ಟುವುದು ಜಾಸ್ತಿ ಮೊದಲ ಮಗು ಬಂದ ಮೇಲೆ ಅನ್ನುತ್ತಾರೆ ಅವರು. ಕೆಲವು ಕೆಲಸಗಳಿಗೆ ದುರಾಸೆ ಇದೆ. ಯಾವಾಗ ಕರೆದರೂ ಬರುವವರಿಗೆ, ರಾತ್ರಿ ಫೋನ್ ಎತ್ತುವವರಿಗೆ, ಎಲ್ಲಿಗೆ ಹಾಕಿದರೂ ಹೋಗುವವರಿಗೆ ಆ ಕೆಲಸಗಳು ದುಪ್ಪಟ್ಟು ಕೊಡುತ್ತವೆ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಅಂಥ ಕೆಲಸ ಹಿಡಿಯಬೇಕಾದರೆ ಇನ್ನೊಬ್ಬರು ಮನೆಗೆ ಸಿಗುವ ಹಾಗಿರಬೇಕು. ಇದಕ್ಕೆ ಉಲ್ಟಾ ಉದಾಹರಣೆಯಾಗಿ ಅಮೆರಿಕದ ಔಷಧ ಅಂಗಡಿಗಳನ್ನು ತೋರಿಸುತ್ತಾರೆ. ಅಲ್ಲಿ ಒಬ್ಬ ಫಾರ್ಮಸಿಸ್ಟ್ ಬದಲು ಇನ್ನೊಬ್ಬರು ನಿಂತರೂ ಗಿರಾಕಿಗೆ ವ್ಯತ್ಯಾಸ ಇಲ್ಲ, ರೋಗಿಯ ವಿವರವೆಲ್ಲ ಕಂಪ್ಯೂಟರಿನಲ್ಲಿದೆ. ಹಾಗಾಗಿ ಜಾಸ್ತಿ ಹೊತ್ತು ಕೂತವರಿಗೆ ವಿಶೇಷ ಬೆಲೆ ಇಲ್ಲ. ಗಂಡು ಹೆಣ್ಣಿನ ಗಳಿಕೆಯ ವ್ಯತ್ಯಾಸವೂ ಅಲ್ಲಿ ಕಮ್ಮಿ.

ಇದನ್ನು ಓದಿದಾಗ ನನಗೆ ನಮ್ಮ ಬ್ರಾಂಚೇ ಕಣ್ಣಿಗೆ ಬಂತು. ನಾನು ಸೇರಿದಾಗ ದಪ್ಪ ದಪ್ಪ ಲೆಡ್ಜರು. ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಒಂದು ರೂಪಾಯಿ ವ್ಯತ್ಯಾಸ ಹುಡುಕುತ್ತಾ ರಾತ್ರಿ ಒಂಬತ್ತು ಮಾಡಿದ್ದೇವೆ. ಆಮೇಲೆ ಕೋರ್ ಬ್ಯಾಂಕಿಂಗ್ ಬಂತು. ಯಾವ ಖಾತೆಯನ್ನು ಯಾವ ಬ್ರಾಂಚಿನಲ್ಲಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ಕೌಂಟರಿನ ನಾವು ಐದಕ್ಕೆ ಎದ್ದೆವು. ಮ್ಯಾನೇಜರ್ ಮಾತ್ರ ಎಂಟು ಗಂಟೆಯವರೆಗೆ ಕೂತೇ ಇರಬೇಕು. ಕೆಲಸ ಇರಲಿ, ಬಿಡಲಿ. ಮೇಲಿನವರ ಫೋನ್ ಬಂದಾಗ ಕುರ್ಚಿಯಲ್ಲಿ ಇಲ್ಲದಿದ್ದರೆ ಅದೇ ದೊಡ್ಡ ತಪ್ಪು. 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದರು. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳಬೇಕಾದ ಮಹಿಳಾ ಸಿಬ್ಬಂದಿಗೆ ಎರಡು ವರ್ಷದ ರಜೆ ಅಲ್ಲಿದೆ. ಒಳ್ಳೆಯದೇ. ಆದರೆ ಗಮನಿಸಿ, ರಜೆ ಹೆಂಗಸರಿಗೆ. ಎಂಟು ಗಂಟೆಯ ಕುರ್ಚಿ ಹಾಗೇ ಇದೆ.

ಬ್ಯಾಂಕಿನವರ ಗೋಳು ಸಾಕು. ನಮ್ಮದು ತುಪ್ಪ ಕಮ್ಮಿಯಾಯಿತು ಅನ್ನುವ ಗೋಳು. ಗಾರ್ಮೆಂಟ್ಸ್‌ಗೆ ಬನ್ನಿ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಈಗ ರಾಮನಗರ, ಮದ್ದೂರು, ಶ್ರೀರಂಗಪಟ್ಟಣದವರೆಗೂ ಗಾರ್ಮೆಂಟ್ಸ್ ಇದೆ. ಲಕ್ಷಾಂತರ ಜನ, ಅದರಲ್ಲಿ ಬಹುಪಾಲು ಹೆಂಗಸರು. ಹೊಲದ ಹೆಣ್ಣಾಳಿನ ಮಗಳು ಇಲ್ಲಿ ಟೈಲರ್ ಆಗಿದ್ದಾಳೆ. ತಿಂಗಳಿಗೆ ಸರಿಯಾಗಿ ಬರುವ ಸಂಬಳ, ಪಿಎಫ್, ಕಾರ್ಮಿಕರ ವಿಮೆಯ ಇಎಸ್‌ಐ ಕಾರ್ಡು. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಮನೆಯಲ್ಲಿ ಹೆಣ್ಣುಮಗಳ ಹೆಸರಿಗೆ ಬಂದ ಮೊದಲ ಬ್ಯಾಂಕ್ ಪಾಸ್‌ಬುಕ್ ಗಾರ್ಮೆಂಟ್ಸಿಂದ ಬಂದದ್ದು. ಅಂಥ ನೂರಾರು ಖಾತೆಯನ್ನು ನಾನೇ ತೆರೆದಿದ್ದೇನೆ.

ಅಲ್ಲಿಯ ಗಡಿಯಾರ ಬೇರೆ ಥರದ್ದು. ಒಂದು ಲೈನಿನಲ್ಲಿ ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಬೋರ್ಡಿನಲ್ಲಿ ಬರೆಯುತ್ತಾರೆ. ಒಬ್ಬಳು ಎದ್ದು ಬಾತ್‌ರೂಮಿಗೆ ಹೋದರೆ ಪೂರ್ತಿ ಲೈನು ಕಾಯುತ್ತದೆ. ಅದಕ್ಕೆ ನೀರೇ ಕುಡಿಯುವುದಿಲ್ಲ ಅಂತ ನನ್ನ ಕೌಂಟರಿಗೆ ಬರುತ್ತಿದ್ದ ಹುಡುಗಿಯರು ಹೇಳುತ್ತಿದ್ದರು. ಅಮ್ಮನ ಸೈರನ್ ದಿನಕ್ಕೆ ಎರಡು ಸಲ ಕೂಗುತ್ತಿತ್ತು. ಇವರ ಸೈರನ್ ಸೂಪರ್‌ವೈಸರ್ ಬಾಯಲ್ಲಿ ಗಂಟೆಗೊಂದು ಸಲ. ಲೈನಿನಲ್ಲಿ ಹೊಲಿಯುವವರು ಹೆಂಗಸರು, ಕೂಗುವವರು ಹೆಚ್ಚಾಗಿ ಗಂಡಸರು.

ಈ ಹೆಂಗಸರು ಒಮ್ಮೆ ಇಡೀ ದೇಶದ ಸರ್ಕಾರವನ್ನು ಎರಡು ದಿನದಲ್ಲಿ ಬಗ್ಗಿಸಿದರು. 2016ರ ಏಪ್ರಿಲ್. ನಾನು ನಿವೃತ್ತಿಯಾಗುವ ವರ್ಷ. ಅದಕ್ಕೆ ಎರಡು ತಿಂಗಳ ಹಿಂದೆ ಪಿಎಫ್ ನಿಯಮ ಬದಲಾಗಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ. ದೆಹಲಿಯಲ್ಲಿ ಕೂತು ಯೋಚಿಸಿದವರಿಗೆ ಇದು ಒಳ್ಳೆಯ ಉದ್ದೇಶವೇ. ಮುಪ್ಪಿಗೆ ದುಡ್ಡು ಇರಲಿ ಅಂತ. ಆದರೆ ಗಾರ್ಮೆಂಟ್ಸ್ ಹೆಂಗಸಿಗೆ 58 ಅನ್ನುವ ವಯಸ್ಸೇ ಇಲ್ಲ. ನಲವತ್ತು ದಾಟುವ ಹೊತ್ತಿಗೆ ಕಣ್ಣು, ಸೊಂಟ, ಮಂಡಿ ಎಲ್ಲ ಹೋಗಿರುತ್ತದೆ. ಅಷ್ಟು ವರ್ಷ ಅವಳನ್ನು ಇಟ್ಟುಕೊಳ್ಳುವವರು ಯಾರು? ಪಿಎಫ್ ಅವರಿಗೆ ಮುಪ್ಪಿನ ದುಡ್ಡಾಗಿರಲಿಲ್ಲ. ಮಗಳ ಮದುವೆ, ಮನೆಯ ಅಡ್ವಾನ್ಸು, ಬಡ್ಡಿ ಸಾಲ, ಇವಕ್ಕೆಲ್ಲ ಅದೇ ಗಂಟು. ಕೆಲಸ ಬಿಟ್ಟು ಪಿಎಫ್ ತೆಗೆದು ಇನ್ನೊಂದು ಫ್ಯಾಕ್ಟರಿ ಸೇರುವುದು ಸಾಮಾನ್ಯವಾಗಿತ್ತು.

ಏಪ್ರಿಲ್ 18, 19. ಹೊಸೂರು ರಸ್ತೆ ತುಂಬ ಹೆಂಗಸರು. ತುಮಕೂರು ರಸ್ತೆಯಲ್ಲೂ ಅಷ್ಟೇ. ದೊಡ್ಡ ನಾಯಕರಿಲ್ಲ, ಬ್ಯಾನರ್ ಇಲ್ಲ. ಯೂನಿಯನ್ನುಗಳಿಗೂ ಇದು ಆಶ್ಚರ್ಯ. ಬಸ್ಸಿಗೆ ಬೆಂಕಿ ಬಿತ್ತು, ಲಾಠಿ ಬಿತ್ತು. ಅದನ್ನು ನಾನು ಸರಿ ಅನ್ನುವುದಿಲ್ಲ. 19ರ ಸಂಜೆಗೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಮಾರನೆಯ ದಿನ ಪೇಪರಿನಲ್ಲಿ ಟ್ರಾಫಿಕ್ ಜಾಮಿನ ಸುದ್ದಿ ದೊಡ್ಡದು. ಆ ಹೆಂಗಸರು ಗೆದ್ದದ್ದು ಇಡೀ ದೇಶದ ಪಿಎಫ್ ಖಾತೆದಾರರಿಗಾಗಿ. ಐಟಿಯವರದ್ದೂ ಸೇರಿ. ಯಾರೂ ಅವರಿಗೆ ಥ್ಯಾಂಕ್ಸ್ ಹೇಳಿದ ಹಾಗೆ ಕಾಣಲಿಲ್ಲ.

ಇನ್ನು ಗಡಿಯಾರವೇ ಇಲ್ಲದ ಕೆಲಸ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರನ್ನು ನೋಡಿ. ಮನೆಯ ಜಗಲಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಾರೆ. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಮನೆಯಲ್ಲೇ ಕೂತು ಮಾಡುವ ಕೆಲಸ, ಎಷ್ಟು ಅನುಕೂಲ ಅನ್ನುತ್ತಾರೆ. ಅನ್ನ ಬೇಯುವಾಗ ಹತ್ತು, ಮಗು ಮಲಗಿದಾಗ ಐವತ್ತು. ಹೊತ್ತಿನ ಚೂರನ್ನೂ ಬಿಡದೆ ಹೆಕ್ಕುವ ಕೆಲಸ ಅದು.

ಸರ್ಕಾರವೂ ಕಮ್ಮಿ ಇಲ್ಲ. ಅಂಗನವಾಡಿ 1975ರಲ್ಲಿ ಶುರುವಾಯಿತು. ಆ ಕಾರ್ಯಕರ್ತೆಗೆ ಬರುವ ದುಡ್ಡನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಆಶಾ ಕಾರ್ಯಕರ್ತೆಯರಿಗೂ ಅಷ್ಟೇ. ನೀವು ಸ್ವಯಂಸೇವಕಿಯರು, ಪೂರ್ತಿ ಹೊತ್ತಿನ ಕೆಲಸ ಅಲ್ಲ ಅಂತ. ಕೋವಿಡ್ ಬಂದಾಗ ಮನೆಮನೆ ತಿರುಗಿದವರು ಯಾರು? ನಡುರಾತ್ರಿ ಬಾಣಂತಿಯ ಜೊತೆ ಆಂಬ್ಯುಲೆನ್ಸ್ ಹತ್ತುವವರು ಯಾರು? 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗಿನ ಇಡಿಗಂಟು, ಕೊಡಬೇಕು ಅಂದಿತು. 'ಗೌರವ' ಅನ್ನುವ ಪದ ಕೇಳಿದರೆ ನನಗೆ ಈಗೀಗ ಭಯ. ದುಡ್ಡು ಕಮ್ಮಿ ಇರುವ ಕಡೆಯೇ ಅದು ಹೆಚ್ಚು ಕಾಣುತ್ತದೆ.

ಸಂಜೆ ಏಳಕ್ಕೆ ಹೆಂಗಸರಿಗೆ ಮುಚ್ಚುತ್ತಿದ್ದ ಕಾರ್ಖಾನೆಯ ಆ ಬಾಗಿಲು ಏನಾಯಿತು ಅಂತ ಕೇಳುತ್ತೀರಿ. ಕಾಲ್ ಸೆಂಟರುಗಳು ಬಂದಾಗ ಬೆಂಗಳೂರಿನ ಹುಡುಗಿಯರು ರಾತ್ರಿ ಕೆಲಸಕ್ಕೆ ಹೊರಟರು. 2005ರ ಡಿಸೆಂಬರಿನಲ್ಲಿ ಕಾಲ್ ಸೆಂಟರಿನ ಒಬ್ಬ ಯುವತಿಯನ್ನು ಕ್ಯಾಬ್ ಚಾಲಕನೊಬ್ಬ ಕೊಂದ. ಕ್ಯಾಬು, ಬೆಂಗಾವಲು, ಮನೆ ಬಾಗಿಲವರೆಗೆ ಬಿಡುವುದು, ಇವೆಲ್ಲ ಬಿಗಿಯಾಗಿದ್ದು ಆಮೇಲೆ. ನಮ್ಮಲ್ಲಿ ನಿಯಮಗಳು ಹಾಗೇ ಹುಟ್ಟುತ್ತವೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನೂ ಹಾಗೇ. ರಾಜಸ್ಥಾನದಲ್ಲಿ ತನ್ನ ಕೆಲಸದ ಭಾಗವಾಗಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿ ಮೇಲೆ 1992ರಲ್ಲಿ ಅತ್ಯಾಚಾರ ನಡೆಯಿತು. ಆ ಘಟನೆಯಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಅದರಿಂದ 2013ರ ಕಾಯ್ದೆ ಬಂತು. ಅದು ಇನ್ನೊಂದು ಇಡೀ ದಿನದ ಮಾತು.

ಕರ್ನಾಟಕದ ಕಾರ್ಖಾನೆಗಳಲ್ಲಿ ಹೆಂಗಸರಿಗೆ ರಾತ್ರಿ ಪಾಳಿಗೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಬಾಗಿಲು ತೆರೆಯಿತು, ನನಗೆ ಖುಷಿ. 2023ರಲ್ಲಿ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಅದರಲ್ಲಿ ರಾತ್ರಿ ಪಾಳಿಯ ಜೊತೆಗೆ ದಿನಕ್ಕೆ 12 ಗಂಟೆಯವರೆಗೂ ಕೆಲಸ ಮಾಡಿಸಬಹುದು ಅಂತಲೂ ಇತ್ತು. ವಾರಕ್ಕೆ 48 ಗಂಟೆ ಮೀರಬಾರದು, ಅದು ಬೇರೆ. ನೀವು ಹೇಳಿ, ಮನೆಯಲ್ಲಿ ಚಿಕ್ಕ ಮಗು ಇರುವ ಯಾರು 12 ಗಂಟೆ ಹೊರಗಿರುತ್ತಾರೆ? ಇರಬಲ್ಲವರು ಮದುವೆಯಾಗದ ಹುಡುಗಿಯರು. ನರಸಾಪುರ, ದೇವನಹಳ್ಳಿ ಕಡೆ ಫೋನ್ ಜೋಡಿಸುವ ಕಾರ್ಖಾನೆಗಳಿಗೆ ಹೋಗಿ ನೋಡಿ. ಮತ್ತೆ ಅದೇ ನಾಜೂಕು ಬೆರಳು. ಹಾಸ್ಟೆಲಿನಲ್ಲಿ ಇರುತ್ತಾರೆ, ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ನಮ್ಮಮ್ಮ ಎರಡು ಮಕ್ಕಳ ತಾಯಿಯಾಗಿ ಗಡಿಯಾರ ಜೋಡಿಸಿದರು. ಈ ಹುಡುಗಿಯರು ತಾಯಂದಿರಾದ ಮೇಲೆ ಅಲ್ಲಿ ಎಷ್ಟು ಜನ ಉಳಿಯುತ್ತಾರೋ ನೋಡಬೇಕು. ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಫ್ರೀ ಆಯಿತು, ಅದರಿಂದ ದೂರದ ಕೆಲಸ ಹತ್ತಿರ ಆಗಿದೆ. ರಾತ್ರಿ ಒಂಬತ್ತಕ್ಕೆ ನಿಮ್ಮೂರಿಗೆ ಬಸ್ಸಿದೆಯಾ? ಇಲ್ಲ ಅಲ್ವಾ?

ಈಗ ಒಂದೇ ಒಂದು ಅಂಕಿ ಹೇಳಿ ನಿಲ್ಲಿಸುತ್ತೇನೆ. ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ ಸಮೀಕ್ಷೆ ಮಾಡುತ್ತದೆ. 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದ್ದು 289ಕ್ಕೆ ಇಳಿಯಿತು. ಹತ್ತು ನಿಮಿಷ ಉಳಿಯಿತು, ಪರವಾಗಿಲ್ಲ. ಗಂಡಸರದ್ದು? 88ಕ್ಕೆ ಇಳಿಯಿತು. ಗ್ಯಾಸು, ಮಿಕ್ಸಿ, ವಾಷಿಂಗ್ ಮಷೀನು ಉಳಿಸಿದ ಹೊತ್ತನ್ನು ಎರಡೂ ಕಡೆಯವರು ಹಂಚಿಕೊಂಡರು. ಕೆಲಸವನ್ನು ಮಾತ್ರ ಹಂಚಿಕೊಳ್ಳಲಿಲ್ಲ.

(ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.)

ಮೂರನೇ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಮ್ಯಾಮ್, 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತಲ್ಲ, ಅದರಿಂದ ಕಂಪನಿಯವರು ಹುಡುಗಿಯರನ್ನ ತಗೊಳ್ಳೋಕೆ ಹಿಂದೇಟು ಹಾಕಲ್ವಾ?"

ಹಾಕಬಹುದು. ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ?" ಅಂತ ಕೇಳುವವರು ಇದ್ದೇ ಇದ್ದಾರೆ. ತೊಂದರೆ ಇರುವುದು ರಜೆಯ ಉದ್ದದಲ್ಲಲ್ಲ, ಬಿಲ್ಲು ಯಾರ ಹೆಸರಿಗೆ ಅನ್ನುವುದರಲ್ಲಿ. ಆ ಕಾಯ್ದೆಯಲ್ಲಿ 26 ವಾರದ ಪೂರ್ತಿ ಸಂಬಳ ಮಾಲೀಕನೇ ಕೊಡಬೇಕು. ಇಎಸ್‌ಐ ಇರುವ ಗಾರ್ಮೆಂಟ್ಸ್ ಹುಡುಗಿಗೆ ಅದು ವಿಮೆಯ ಹಣದಿಂದ ಬರುತ್ತದೆ. ಅಲ್ಲಿ ಗಂಡಸರು, ಹೆಂಗಸರು ಎಲ್ಲರ ವಂತಿಗೆಯೂ ಸೇರಿರುತ್ತದೆ. ಒಬ್ಬಳ ಹೆರಿಗೆಯ ಭಾರ ಒಬ್ಬ ಮಾಲೀಕನ ಮೇಲೆ ಬೀಳುವುದಿಲ್ಲ. ಎಲ್ಲರಿಗೂ ಹಾಗೇ ಮಾಡಬಹುದು. ಇನ್ನೊಂದು, ಅಪ್ಪನಿಗೆ ರಜೆ ಕೊಡುವ ಮಾತು ಆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಮಗು ಬಂದಾಗ ಇಬ್ಬರೂ ರಜೆ ಹಾಕುವ ಹಾಗಿದ್ದರೆ ಕಂಪನಿಯವನು ಯಾರನ್ನು ಬಿಟ್ಟು ಯಾರನ್ನು ತಗೊಳ್ಳುತ್ತಾನೆ?

ಕೊನೆಯಲ್ಲಿ ಒಬ್ಬ ಹುಡುಗ ಎದ್ದ. "ಮ್ಯಾಮ್, ಕೆಲಸಕ್ಕೆ ಹೋಗೋ ಹೆಂಗಸರು ಜಾಸ್ತಿ ಆಗಿದ್ದಾರೆ ಅಂತ ಪೇಪರಲ್ಲಿ ಬಂದಿತ್ತಲ್ಲ" ಅಂದ. ನಿಜ. 15 ದಾಟಿದ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಸೇರಿ 2017-18ರಲ್ಲಿ 23.3% ಇದ್ದದ್ದು 2023-24ಕ್ಕೆ 41.7% ಆಗಿದೆ. ಆದರೆ ಏರಿಕೆ ಹೆಚ್ಚಾಗಿ ಹಳ್ಳಿಯಲ್ಲಿ. ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು 'ಸ್ವಂತ ಉದ್ಯೋಗ'ದವರು. ಆ ಸ್ವಂತ ಉದ್ಯೋಗದಲ್ಲಿ ಮನೆಯ ಹೊಲ, ಅಂಗಡಿಯಲ್ಲಿ ಸಂಬಳ ಇಲ್ಲದೆ ಕೈ ಜೋಡಿಸುವವರೂ ಸೇರಿದ್ದಾರೆ ಅಂತ ವಿವರಿಸಿದೆ. ಅವನಿಗೆ ಅರ್ಥ ಆದ ಹಾಗೆ ಕಾಣಲಿಲ್ಲ.

"ನಿಮ್ಮ ತಾಯಿ ಏನು ಮಾಡ್ತಾರಪ್ಪ?" ಅಂತ ಕೇಳಿದೆ.

"ಏನಿಲ್ಲ ಮ್ಯಾಮ್, ಮನೇಲಿದಾರೆ."

"ಮನೇಲಿ ಹಸು ಇದೆಯಾ?"

"ಮೂರಿದಾವೆ."

"ಹಾಲು ಕರೆಯೋದು ಯಾರು?"

"ಅಮ್ಮ. ಬೆಳಿಗ್ಗೆ, ಸಾಯಂಕಾಲ ಎರಡು ಹೊತ್ತೂ. ಡೈರಿಗೆ ಹಾಕಿ ಬರೋದೂ ಅವರೇ."

"ಡೈರಿ ಪುಸ್ತಕ ಯಾರ ಹೆಸರಲ್ಲಿದೆ? ಸರ್ಕಾರ ಕೊಡೋ ಆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಯಾರ ಖಾತೆಗೆ ಬರುತ್ತೆ?"

ಹುಡುಗ ಸ್ವಲ್ಪ ಹೊತ್ತು ನಿಂತೇ ಇದ್ದ.

"ಅಪ್ಪನ ಹೆಸರಲ್ಲಿದೆ ಮ್ಯಾಮ್" ಅಂದು ಕೂತ.